ಓಡಿಹೋದಾಕಿಯ ಇಂಗ್ಲಿಷ್ ಟ್ಯೂಷನ್

ಮಹಾರಾಷ್ಟ್ರದ ಗಡಿಯಂಚಿನ ನಮ್ಮೂರು ದಾಳಿಂಬದಲ್ಲಿ ಯಾರಿಗೂ ಹೆಸರಿನ ಅಗತ್ಯ ಬೀಳುವುದಿಲ್ಲ. ಎಮ್ಮೆಯನ್ನು ಬಾವಿಗೆ ಬೀಳಿಸಿಕೊಂಡವನು, ಸರಪಂಚ ಆಗಲು ಮೂರು ಸಲ ನಿಂತು ಸೋತವನು, ಜಳಕೋಟದಿಂದ ಸೊಸೆ ತಂದವಳು, ಇಷ್ಟು ಹೇಳಿದರೆ ಸಾಕು, ಆಟೋದವನು ಮನೆ ಬಾಗಿಲಿಗೇ ಬಿಡುತ್ತಾನೆ. ನಾನು ಓಡಿಹೋದಾಕಿ.

ಮದುವೆಯಾಗಿ ಇಪ್ಪತ್ತನೇ ದಿನಕ್ಕೆ ಶೇರ್ ಆಟೋ ಹತ್ತಿ ಉಮರ್ಗಾಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಗಡಿಯಾಚೆಯ ತವರಿಗೆ ಹೋಗಿದ್ದೆ. ಜಗಳವೇನೂ ಆಗಿರಲಿಲ್ಲ. ಬೇಜಾರಾಗಿತ್ತು, ಹೋದೆ. ಎಂಟು ದಿನಕ್ಕೆ ಅಲ್ಲೂ ಬೇಜಾರಾಯಿತು, ಬಂದೆ. ಅದಾಗಿ ಹನ್ನೊಂದು ವರ್ಷ. ಇಬ್ಬರು ಮಕ್ಕಳನ್ನು ಹೆತ್ತೆ, ಪಡಸಾಲೆಯಲ್ಲಿ ಇಂಗ್ಲಿಷ್ ಟ್ಯೂಷನ್ ಶುರುಮಾಡಿದೆ. ಇವತ್ತಿಗೂ ಹೊಸಬರು ಮನೆ ಹುಡುಕಿಕೊಂಡು ಬಂದರೆ, "ಓಡಿಹೋದಾಕಿ ಮನಿ ಏನ್ರೀ?" ಎಂದೇ ಊರವರು ದಾರಿ ತೋರಿಸುತ್ತಾರೆ. ಮೈ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಸೋಯಾ ರಾಶಿಯ ಹೊತ್ತಿಗೆ ಒಂಬತ್ತನೇ ತರಗತಿಯವರಿಗೆ ಗುಣವಾಚಕ ಉಪವಾಕ್ಯ ಹೇಳಿಕೊಡುತ್ತಿದ್ದೆ. ನಾವು 'ಬಾವಿ ತೋಡಿದ ಮನುಷ್ಯ' ಎನ್ನುತ್ತೇವೆ. ಮನುಷ್ಯ ಕೊನೆಗೆ ಬರುತ್ತಾನೆ. ಇಂಗ್ಲಿಷಿನವರು ಮನುಷ್ಯನನ್ನು ಮೊದಲು ನಿಲ್ಲಿಸಿ, 'ಹು' ಎಂದು ಸೇರಿಸಿ, ಆಮೇಲೆ ಅವನ ಕಥೆ ತೆಗೆಯುತ್ತಾರೆ: ದ ಮ್ಯಾನ್ ಹು ಡಗ್ ದ ವೆಲ್. ಪುಸ್ತಕದ ಉದಾಹರಣೆಗಳು ಒಬ್ಬರ ತಲೆಗೂ ಹತ್ತಲಿಲ್ಲ. "ನಮ್ಮೂರ ಮಂದಿ ಮ್ಯಾಲೆ ಬರೀರಿ" ಎಂದುಬಿಟ್ಟೆ. ಬುದ್ಧಿ ಇದ್ದವರು ಹಾಗೆ ಹೇಳುವುದಿಲ್ಲ.

ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ತಂದು ತೋರಿಸಿದಳು: ದ ಮ್ಯಾಡಮ್ ಹು ರ್‍ಯಾನ್ ಅವೇ ಟೀಚಸ್ ಅಸ್ ಇಂಗ್ಲಿಷ್. ಓಡಿಹೋದ ಮ್ಯಾಡಮ್ ನಮಗೆ ಇಂಗ್ಲಿಷ್ ಕಲಿಸುತ್ತಾರೆ. 'ಹು' ಇರಬೇಕಾದಲ್ಲೇ ಇತ್ತು. ಕ್ರಿಯಾಪದವೂ ಸರಿ. ಇಡೀ ವರ್ಷದಲ್ಲಿ ಆಕೆ ತಪ್ಪಿಲ್ಲದೆ ಬರೆದ ಮೊದಲ ವಾಕ್ಯ. ಹತ್ತಕ್ಕೆ ಹತ್ತು ಕೊಟ್ಟೆ.

"ಬರೋಬರ್ ಅದ ಏನ್ರೀ, ಮ್ಯಾಡಮ್?"

"ಬರೋಬರ್ ಅದ," ಎಂದೆ. ಕೆಮ್ಮು ಬಂದವಳಂತೆ ಮಾಡಿದೆ.

ಮೂಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಅತ್ತೆಗೆ ಆ ಕೆಮ್ಮಿನ ಮೇಲೆ ಅನುಮಾನ ಬಂತು. ಆ ಎಂಟು ದಿನಗಳ ಬಗ್ಗೆ ಹತ್ತು ವರ್ಷದಲ್ಲಿ ಒಂದು ಮಾತೂ ಎತ್ತದವರು ಅವರು.

"ಏನ್ ಬರದಾಳ ಆಕಿ?"

ಇದ್ದದ್ದು ಇದ್ದಂತೆ ಕನ್ನಡದಲ್ಲಿ ಹೇಳಿದೆ. ಅತ್ತೆ ಮೊರ ಕೆಳಗಿಟ್ಟರು.

"ಏ ಪೋರಿ, ಅರ್ಧಾನೇ ಬರದಿ ಅಲ್ಲ? ಹೊಳ್ಳಿ ಬಂದಾಳಲ್ಲ, ಅದು ಎಲ್ಲಿ ಅದ? ಕರೀಲಿಕ್ಕ ಯಾರೂ ಹೋಗಿದ್ದಿಲ್ಲ. ತಾನೇ ಬಂದಾಳ. ಅದನೂ ಬರಿ."

ಹುಡುಗಿ ಹೆದರಿ ನನ್ನ ಮುಖ ನೋಡಿದಳು. 'ಆ್ಯಂಡ್ ಕೇಮ್ ಬ್ಯಾಕ್' ಎಲ್ಲಿ ಸೇರಿಸಬೇಕೆಂದು ಬೆರಳಿಟ್ಟು ತೋರಿಸಿದೆ.

ಅತ್ತೆ ಮತ್ತೆ ಮೊರ ಎತ್ತಿಕೊಂಡು, ಬೇಳೆಯೊಳಗಿನ ಹರಳು ಹುಡುಕುತ್ತಲೇ ನನಗೆ ಹೇಳಿದರು: "ಆ ಎಂಟು ರಾತ್ರಿ ನಾ ಬಾಗಲಾ ಬರೇ ಮುಂದ ಮಾಡಿದ್ದೆ, ಅಗಳಿ ಹಾಕಿದ್ದಿಲ್ಲ. ಜಾಗಾ ಉಳದಿದ್ರ ಅದನೂ ಬರಸು."