ಮ್ಯಾಟಿನ ಇನ್ನೊಂದು ತುದಿ

ಒಮಾನಿನ ದಾರ್ಸೈಟಿನಲ್ಲೇ ಬೆಳೆದವಳಾದರೂ ಅಲ್ಲಿದ್ದ ಪಪ್ಪನ ಕ್ರಿಕೆಟ್ ಮೈದಾನಕ್ಕೆ ನಾನು ಮೊದಲ ಸಲ ಕಾಲಿಟ್ಟದ್ದು ಅವರು ಆ ದೇಶ ಬಿಟ್ಟು ಮಂಗಳೂರಿಗೆ ಹೊರಟ ದಿನ. ಕೆಲಸ ಮುಗಿದು ವೀಸಾ ಕ್ಯಾನ್ಸಲ್ ಆಗಿತ್ತು, ಸಂಜೆ ವಿಮಾನ, ಮೂರು ಪೆಟ್ಟಿಗೆಗಳಿಗೆ ಹಗ್ಗ ಕಟ್ಟುವುದು ಬಾಕಿ. ಅಂಥ ಶುಕ್ರವಾರ ಬೆಳಿಗ್ಗೆ ಅವರಿಗೆ ಮೈದಾನ ನೋಡಬೇಕಂತೆ. ಈಗ ನನ್ನ ಮನೆಯಿರುವ ಅಲ್ ಮವಾಲೇಹ್‌ನಿಂದ ಕಾರು ಓಡಿಸಿಕೊಂಡು ಬಂದ ನನಗೆ ಮೈಯೆಲ್ಲ ಉರಿಯಿತು.

ಆ ಮೈದಾನದ ಮೇಲೆ ನನಗೆ ಹಳೆಯ ಸಿಟ್ಟು. ಇಲ್ಲಿ ರಜೆ ಶುಕ್ರವಾರ, ನಮ್ಮ ಚರ್ಚಿನ ಪೂಜೆಯೂ ಶುಕ್ರವಾರವೇ. ಅಮ್ಮ ಮತ್ತು ನಾನು ಟ್ಯಾಕ್ಸಿ ಹಿಡಿದು ಹೋಗುತ್ತಿದ್ದೆವು. ಪಪ್ಪ ಬೆಳಗಾಗುವ ಮೊದಲೇ ಮೈದಾನಕ್ಕೆ ಹೋದರೆ ಬರುವಾಗ ಮಧ್ಯಾಹ್ನ. ಚರ್ಚಿನಲ್ಲಿ ನಾನು ಮೊದಲ ಪರಮಪ್ರಸಾದ ಸ್ವೀಕರಿಸಿದ ದಿನವೂ ಪೂಜೆ ಅರ್ಧ ಮುಗಿದ ಮೇಲೆ ಬಂದರು, ಪ್ಯಾಂಟಿನ ಮಂಡಿಗೆಲ್ಲ ಮಣ್ಣು. ದೊಡ್ಡ ಆಟಗಾರ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಗೆಳತಿಯರ ಮುಂದೆ ಕೊಚ್ಚಿಕೊಂಡದ್ದೂ ಉಂಟು.

ಇಲ್ಲಿಯ ಕ್ರಿಕೆಟ್ ಹುಟ್ಟಿದ್ದೇ ಆ ಮೈದಾನದಲ್ಲಿ ಎಂದು ಪಪ್ಪ ದಾರಿಯುದ್ದಕ್ಕೂ ಹೇಳಿದರು. ನೋಡಿದರೆ ಬೋಳು ಗುಡ್ಡದ ಬುಡದಲ್ಲಿ ಜಲ್ಲಿಕಲ್ಲಿನ ಬಯಲು, ಸಿಮೆಂಟಿನ ನಾಲ್ಕು ಮೆಟ್ಟಿಲು, ತಗಡಿನ ಚಪ್ಪರ. ಹುಲ್ಲುಕಡ್ಡಿ ಇಲ್ಲ. ನಡುವೆ ಸಿಮೆಂಟಿನ ಪಿಚ್ಚು. ಆಟಗಾರರು ಅದರ ಮೇಲೆ, ಅಂಚನ್ನು ಪಕ್ಕದ ನೆಲಕ್ಕೆ ಮೊಳೆ ಹೊಡೆದು ಬಿಗಿಯುವ ನಾರಿನ ಮ್ಯಾಟು ಹಾಸುತ್ತಿದ್ದರು.

ನಾನು ಗಡಿಯಾರ ನೋಡುತ್ತಾ ಮೆಟ್ಟಿಲ ಮೇಲೆ ಕೂತೆ. ಪಪ್ಪ ಕೂರಲಿಲ್ಲ. ಇಳಿದರು, ಹತ್ತಿದರು, ಮತ್ತೆ ಇಳಿದರು. ಮ್ಯಾಟು ಸರಿಯಾಗಿ ಎಳೆದಿಲ್ಲ, ಸುಕ್ಕು ಉಂಟು ಎಂದು ಗೊಣಗಿದರು. ಕೊನೆಗೆ ಕೈಚೀಲದಿಂದ ಒಂದು ಸುತ್ತಿಗೆ, ನಾಲ್ಕು ಉದ್ದ ಮೊಳೆ ತೆಗೆದರು. ಅವರ ಕಾರಿನ ಡಿಕ್ಕಿಯಲ್ಲಿ ಸದಾ ಇರುತ್ತಿದ್ದ ಸುತ್ತಿಗೆ ಅದು. ಕಾರು ರಿಪೇರಿಗೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ನರೆಗಡ್ಡದ ಆಟಗಾರನೊಬ್ಬ ಗುರುತು ಹಿಡಿದು ಓಡಿಬಂದ. ಇವರು ಮ್ಯಾಟ್‌ವಾಲೇ ಚಾಚಾ, ಇಪ್ಪತ್ತು ವರ್ಷ ಇವರು ಹಾಸಿದ ಮ್ಯಾಟಿನ ಮೇಲೇ ಆಡಿದ್ದೇವೆ ಎಂದು ಹಿಂದಿಯಲ್ಲಿ ನನಗೆ ಹೇಳಿದ. ಪಪ್ಪ ಯಾವ ತಂಡದಲ್ಲಿ ಆಡುತ್ತಿದ್ದರು ಎಂದು ಕೇಳಿದೆ. ಅವನು ಪಪ್ಪನ ಮುಖ ನೋಡಿದ.

“ನಾನು ಆಡ್ಲೇ ಇಲ್ಲ ಮಗಾ,” ಎಂದರು ಪಪ್ಪ. “ಮ್ಯಾಟ್ ಹಾಸ್ಲಿಕ್ಕೆ, ಸುತ್ತಿಡ್ಲಿಕ್ಕೆ ಬರ್ತಿದ್ದೆ.”

ನನಗೆ ತಡೆಯಲಾಗಲಿಲ್ಲ. ಆ ಮನುಷ್ಯನ ಎದುರಿಗೇ ಕೇಳಿಬಿಟ್ಟೆ: “ಇಷ್ಟಕ್ಕಾ ಪಪ್ಪಾ ನಮ್ಮನ್ನು ಬಿಟ್ಟು ಬರ್ತಿದ್ದದ್ದು? ಬೇರೆ ಯಾರೂ ಸಿಗ್ಲಿಲ್ವಾ?”

ಪಪ್ಪ ಮೊಳೆಯೊಂದನ್ನು ಅಂಗೈಯಲ್ಲಿ ಉರುಳಿಸಿದರು. “ಒಂದು ಶುಕ್ರವಾರ ನಾನು ಬರ್ಲಿಲ್ಲ. ಬೇರೆಯವರೇ ಹಾಸಿದ್ರು. ಸುಕ್ಕಿಗೆ ಬಿದ್ದ ಚೆಂಡು ಎದ್ದು ಒಬ್ಬನ ಕಣ್ಣಿಗೆ ಬಡೀತು. ಆ ಕಣ್ಣು ಹೋಯ್ತು. ಮತ್ತೆ ಯಾವ ಶುಕ್ರವಾರವೂ ನನಗೆ ಮನೇಲಿ ಕೂರ್ಲಿಕ್ಕೆ ಆಗ್ಲಿಲ್ಲ.”

ಆ ದಿನ ಯಾಕೆ ಬರಲಿಲ್ಲ ಎಂದೆ.

“ನಿನಗೆ ಜ್ವರ. ಮೂರು ವರ್ಷ ನಿನಗಾಗ. ನನ್ನ ಅಂಗಿ ಹಿಡ್ಕೊಂಡವಳು ಬಿಡ್ಲೇ ಇಲ್ಲ.”

ಮನೆಯಲ್ಲಿ ಯಾರೂ ಇದನ್ನು ನನಗೆ ಹೇಳಿರಲಿಲ್ಲ. ಅವರು ಮನೆಯಲ್ಲಿದ್ದ ಆ ಒಂದು ಶುಕ್ರವಾರ ನನಗೆ ನೆನಪೇ ಇಲ್ಲ. ಇಲ್ಲದ ಶುಕ್ರವಾರಗಳನ್ನು ಮಾತ್ರ ಒಂದೂ ಬಿಡದೆ ಇಟ್ಟುಕೊಂಡಿದ್ದೆ. ನಾಚಿಕೆಯಾಯಿತು. ಪಪ್ಪ ಆಗಲೇ ಪಿಚ್ಚಿನತ್ತ ಹೊರಟಿದ್ದರು. ಬಿಸಿಲು ಏರುತ್ತಿತ್ತು, ಮನೆಯಲ್ಲಿ ಪೆಟ್ಟಿಗೆಗಳು ಹಾಗೇ ಬಿದ್ದಿದ್ದವು. ಅವರ ಹಿಂದೆಯೇ ಇಳಿದು ಹೋಗಿ, ಬಗ್ಗಿ, ಮ್ಯಾಟಿನ ಇನ್ನೊಂದು ತುದಿ ಹಿಡಿದೆ.

ಗಟ್ಟಿಯಾಗಿ ಎಳೆಯಲು ಹೇಳಿದರು. ಎಳೆದೆ.