ಜಗಲಿಯ ಮೇಲೆ ಬರೆಸಿದ ಎಂಟು ‘ಇಲ್ಲ’

ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಮೂರು ಪಿಎಚ್‌ಡಿ ಪ್ರಬಂಧಗಳು ಹೊರಬಿದ್ದಿವೆ. ಮೂರರಲ್ಲೂ ಹುಡುಕಿದರೂ ಒಂದು ಅಕ್ಷರ ತಪ್ಪು ಸಿಗಲಿಕ್ಕಿಲ್ಲ. ಮೂರನೆಯದರಲ್ಲಿ ಮಾತ್ರ ಒಂದು ಸುಳ್ಳಿದೆ. ಹೇಳಿದವನು ನಾನು. ಅದನ್ನು ತಲೆಬಗ್ಗಿಸಿ ಬರೆದುಕೊಂಡವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೇಳಿದವನ ಮೇಲೆ ಅದಕ್ಕಿಂತ ಹೆಚ್ಚು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾಲ್ಕು ಮೆಷಿನ್ನು ಇಟ್ಟುಕೊಂಡಿದ್ದೆ. ನಾಲ್ಕೂ ಸರ್ಕಾರಿ ಹರಾಜಿನಲ್ಲಿ ಹಿಡಿದವು. ಹರಾಜಿಗೆ ಹೋಗುವವರಿಗೆ ಒಂದು ಮಾತು ಹೇಳುತ್ತೇನೆ: ಬೇಕಾದ ಸಾಮಾನನ್ನು ಮುಟ್ಟಬೇಡಿ, ಬೇಡದ್ದನ್ನು ಹತ್ತು ಸಲ ತಿರುಗಿಸಿ ನೋಡಿ. ನಾನು ಎಸ್ಸೆಸ್ಸೆಲ್ಸಿ ದಾಟದವನು. ನನ್ನ ಬಂಡವಾಳವೆಲ್ಲ ಬಾಯಿಯೇ. ಊರು ಸೊರಬ ತಾಲ್ಲೂಕಿನಲ್ಲಿ, ಗುಡವಿಯ ಪಕ್ಕ. ಅಲ್ಲಿಂದ ಪಿಯುಸಿ ಮುಗಿಸಿದ ತಂಗಿಯನ್ನು ಕರೆತಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಸಾರ ಹೂಡಿದ್ದೆ. ಗಿರಾಕಿ ಹಿಡಿಯುವುದು ನನ್ನ ಕೆಲಸ. ಉಳಿದದ್ದೆಲ್ಲ ಅವಳದು.

ಮೊದಲನೆಯ ಪ್ರಬಂಧ ತರ್ಕಶಾಸ್ತ್ರದ್ದು. ನಿವೃತ್ತಿಯ ಹತ್ತಿರವಿದ್ದ ಮೇಷ್ಟ್ರೊಬ್ಬರು ತಂದಿದ್ದರು. ತಲೆಕೆಳಗಾದ ಇಂಗ್ಲಿಷ್ ಎ, ಬೆನ್ನು ತಿರುಗಿಸಿದ ಇ, ಕುದುರೆ ಲಾಳದಂಥ ಗುರುತು ಯಾವ ಮೆಷಿನ್ನಿನಲ್ಲೂ ಇರಲಿಲ್ಲ. ತಂಗಿ ಅಲ್ಲಲ್ಲಿ ಜಾಗ ಬಿಟ್ಟು ಹೊಡೆದು, ಆಮೇಲೆ ಕರಿ ಮಸಿಯಲ್ಲಿ ಕೈಯಿಂದ ಬರೆದಳು. ಅದೂ ಪ್ರತಿ ಹಾಳೆಯ ನಾಲ್ಕು ಪ್ರತಿಗಳಲ್ಲಿ. ಬರೆಯುತ್ತಾ ಸುಮ್ಮನಿರುವವಳಲ್ಲ, ಈ ತಲೆಕೆಳಗಿನ ಎ ಅಂದರೆ ಏನು ಸಾರ್ ಎಂದು ಕೇಳಿದಳು.

“‘ಎಲ್ಲ’ ಅಂತ ಕಣಮ್ಮ. ನಿಮ್ಮ ಗುಡವಿ ಕೆರೇಲಿರೋ ಹಕ್ಕಿ ಎಲ್ಲಾ ಬಿಳೀವು ಅಂತ ನಿಮ್ಮಣ್ಣ ಹೇಳಿದ ಅಂತಿಟ್ಕೋ. ಅದನ್ನ ಸುಳ್ಳು ಮಾಡಕ್ಕೆ ಎಷ್ಟು ಕರೇ ಹಕ್ಕಿ ಬೇಕು?”

“ಒಂದು ಸಾಕಲ್ಲ ಸಾರ್.”

“ಇನ್ನೂರು ಪುಟದಲ್ಲಿ ನಾನು ಹೇಳಿದ್ದೂ ಅಷ್ಟೇ” ಎಂದು ಮೇಷ್ಟ್ರು ನಕ್ಕರು.

ಎರಡನೆಯದು ತಾಳಗುಂದದ ಕಡೆಯ ಯುವಕನದು. ಲೇಸರ್‌ ಬೆಳಕಿಗೆ ಬಳಸುವ ಬಣ್ಣಗಳ ಮೇಲೆ ಸಂಶೋಧನೆ. ಒಂದು ಚಿಕ್ಕ ಗಾಜಿನ ಶೀಶೆಯಲ್ಲಿ ಬಣ್ಣದ ನೀರು ತಂದು ತೋರಿಸಿದ. ನೆರಳಿನಲ್ಲಿ ಕುಂಕುಮ ಕದಡಿದ ನೀರು. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ಹಳದಿ ಹಸಿರಿನ ಉರಿ. “ಸೀರೆಗೆ ಹಾಕಬಹುದೇನಪ್ಪ?” ಎಂದೆ. “ಹಾಕಬಹುದು ಅಣ್ಣಾ, ಆಮೇಲೆ ಸೀರೆ ಮಾರಿದ್ರೂ ಬಣ್ಣದ ದುಡ್ಡು ಹುಟ್ಟಲ್ಲ” ಎಂದ. ಆ ಶೀಶೆಯನ್ನು ತಂಗಿ ಕೇಳಿ ಇಸಿದುಕೊಂಡು ಕಿಟಕಿಯಲ್ಲಿಟ್ಟಳು. ದಿನಾ ಬೆಳಿಗ್ಗೆ ಅದನ್ನು ಬಿಸಿಲಿಗೆ ತಿರುಗಿಸಿ ನೋಡಿಯೇ ಮೆಷಿನ್ನಿನ ಮುಂದೆ ಕೂರುತ್ತಿದ್ದಳು.

ಒಂದು ದಿನ ನೋಡಲಿಲ್ಲ. ಮರುದಿನವೂ ನೋಡಲಿಲ್ಲ. ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಹೊಡೆಯದೆ ಕೂರತೊಡಗಿದಳು. ಅರ್ಧ ರೊಟ್ಟಿಗೆ ಕೈ ತೊಳೆಯುವಳು. ತಲೆ ಬಾಚುವುದು ಬಿಟ್ಟಳು. ಬೈದವರಿಲ್ಲ, ಸತ್ತವರಿಲ್ಲ, ಯಾವ ಕಾರಣವೂ ಇಲ್ಲ. “ಎಲ್ಲಾ ದೂರದಾಗೆ ಕೇಳ್ದಂಗಾಗ್ತದೆ ಅಣ್ಣ” ಎಂದಳು. ಆ ಹೊತ್ತಿಗೆ ಜಡೆ ಎಂಬ ಊರಿನ ಒಂದು ಮನೆಯವರು ಬಂದು ಹೆಣ್ಣು ನೋಡಿ ಒಪ್ಪಿಹೋಗಿದ್ದರು. ನಾನು ಮಾಡಿದ್ದೇನು? ಊರಿಗೆ ಕರೆದೊಯ್ದು ಅವ್ವನ ಹತ್ತಿರ ಬಿಟ್ಟೆ. ಕೇಳಿದವರಿಗೆ ಹೊಲಿಗೆ ಕಲಿಯುತ್ತಿದ್ದಾಳೆ ಎಂದೆ. ಶಿವಮೊಗ್ಗದಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ದಾರೆಂದು ಗುಟ್ಟಾಗಿ ವಿಚಾರಿಸಿಯೂ ಇದ್ದೆ. ಅವಳು ಬರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಯಾರಾದರೂ ನೋಡಿಬಿಟ್ಟರೆ ಎಂಬ ಭಯ ನನ್ನದು.

ಒಂದು ಭಾನುವಾರ ನಾನು ಊರಲ್ಲಿದ್ದಾಗ ಬಗಲುಚೀಲದವರೊಬ್ಬರು ಬಂದು ಜಗಲಿ ಮೇಲೆ ಕೂತರು. ಕಾಲೇಜಿನ ಉಪನ್ಯಾಸಕರು. ಹಳ್ಳಿಯ ಹೆಣ್ಣುಮಕ್ಕಳ ಮಾನಸಿಕ ಆರೋಗ್ಯದ ಮೇಲೆ ಪಿಎಚ್‌ಡಿ. ಕೈಯಲ್ಲಿ ಎಂಟು ಪ್ರಶ್ನೆಯ ಫಾರಂ. ನಮ್ಮ ಕಡೆ ಒಂದು ಪದ್ಧತಿಯಿದೆ: ಕಾಗದ ಹಿಡಿದು ಯಾರೇ ಬರಲಿ, ರೇಷನ್‌ ಕಾರ್ಡಿನವರಿರಲಿ, ಜನಗಣತಿಯವರಿರಲಿ, ಮನೆ ಯಜಮಾನ ಜಗಲಿಯಲ್ಲಿ ಕೂತು ಇಡೀ ಮನೆಯ ಪರವಾಗಿ ಹೇಳಿಬಿಡುತ್ತಾನೆ. ಜಮೀನು ಕಡಿಮೆ ಹೇಳು, ಕಾಯಿಲೆ ಹೇಳಲೇಬೇಡ. ಅಪ್ಪ ತೀರಿಕೊಂಡ ಮೇಲೆ ಆ ಜಾಗ ನನ್ನದು.

“ಮನೇಲಿ ಯಾರಾದ್ರೂ ತಿಂಗಳುಗಟ್ಟಲೆ ಮಾತು ಬಿಟ್ಟು ಕೂತದ್ದು ಉಂಟೇನ್ರಿ?”

“ಇಲ್ಲ.”

“ಊಟ, ನಿದ್ದೆ ಬಿಟ್ಟದ್ದು?”

“ಇಲ್ಲ.”

ಹೀಗೆ ಎಂಟು. ಕೊನೆಗೆ ಅವರು ಕೇಳಿದರು, “ಒಳಗೆ ಹೆಣ್ಣುಮಕ್ಕಳು ಯಾರಾದ್ರೂ ಇದಾರಾ?”

“ಅವ್ವ ಗದ್ದೆಗೆ ಹೋಗ್ಯಾಳೆ. ಬೇರೆ ಯಾರೂ ಇಲ್ಲ.”

ಬಾಗಿಲ ಹಿಂದೆ ಬಳೆ ಸದ್ದಾಯಿತು. ಅವರು ತಲೆ ಎತ್ತಿದರು, ಮತ್ತೆ ಬಗ್ಗಿಸಿ ಬರೆದರು. ನಾನು ಕೆಳಗೆ ಸೈನ್ ಹಾಕಿದೆ. ಮಜ್ಜಿಗೆ ಕೊಟ್ಟೆ. ಮುಂದೆ ಯಾವ ಯಾವ ಮನೆಗೆ ಹೋದರೆ ಬೇಗ ಮುಗಿಯುತ್ತದೆ ಎಂಬ ಸಲಹೆಯನ್ನೂ ಕೊಟ್ಟೆ. ಎದುರು ಮನೆಯಿಂದಲೇ ಶುರು ಮಾಡಿಸಿದೆ.

ಕೆಲವು ತಿಂಗಳಾದ ಮೇಲೆ ಅದೇ ಉಪನ್ಯಾಸಕರು ಬರೆದ ಹಾಳೆಗಳನ್ನೂ ಫಾರಂಗಳ ಕಟ್ಟನ್ನೂ ಹೊತ್ತು ನನ್ನ ಅಂಗಡಿಗೇ ಬಂದರು. ಶೇಕಡಾ ಲೆಕ್ಕ ಅವರೇ ಹಾಕಿದ್ದರು; ಫಾರಂ ನೋಡಿ ಊರೂರಿನ ಸಾಲು ತುಂಬಿ ಕೋಷ್ಟಕ ಹೊಡೆಯಬೇಕು, ಅದೂ ತುರ್ತು. ಕಲಿಯಲು ಬರುತ್ತಿದ್ದವರಿಂದ ಆಗುವ ಕೆಲಸವಲ್ಲ. ಸಿಕ್ಕ ಗಿರಾಕಿಯನ್ನು ಬಿಡುವ ಜಾತಿ ನನ್ನದಲ್ಲ. ಊರಿಗೆ ಹೋಗಿ, ಕೆಲಸ ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಅವ್ವನಿಗೆ ಹೇಳಿ ತಂಗಿಯನ್ನು ಕರೆತಂದೆ. ಆ ಮಾತನ್ನು ನಾನೇ ನಂಬಿರಲಿಲ್ಲ.

ಎರಡು ದಿನ ತುಟಿ ಬಿಚ್ಚದೆ ಹೊಡೆದಳು. ಮೂರನೆಯ ಬೆಳಿಗ್ಗೆ ಮೆಷಿನ್ನು ನಿಂತಿತ್ತು. ಹಾಳೆಯಲ್ಲಿ ನಮ್ಮ ಊರಿನ ಸಾಲು ಖಾಲಿ. ತೊಡೆಯ ಮೇಲೆ ಒಂದು ಫಾರಂ.

“ಇದ್ರಾಗೆ ನಿನ್ ಸೈನ್ ಐತಲ್ಲ ಅಣ್ಣ.”

ಫಾರಂ ಇಸಿದುಕೊಳ್ಳಲು ನಾನು ಕೈ ಚಾಚಿದೆ.

“ಒಳಗೆ ನಾನಿದ್ದೆ.”

“ನಿನ್ನ ಒಳ್ಳೇದಕ್ಕೇ ಅಂದಿದ್ದು. ಜಡೆಯವ್ರಿಗೆ ಗೊತ್ತಾದ್ರೆ—”

“ಜಡೆಗೆ ಹೋಗೋದು ಆಮೇಲಾತು. ನಮ್ಮನೇಲೇ ನಾನಿಲ್ಲ ಅಂದ್ಯಲ್ಲ.” ತಿಂಗಳುಗಳಲ್ಲಿ ಅವಳು ಆಡಿದ ಉದ್ದದ ಮಾತು ಅದು. “ನಮ್ಮೂರಾಗೆ ಎಲ್ಲಾ ಹೆಣ್ಮಕ್ಳೂ ಚೆಂದಾಗದಾರೆ ಅಂತ ಹೊಡೀಬೇಕಂತೆ. ಒಂದು ಕರೇ ಹಕ್ಕಿ ಸಾಕು ಅಂದಿದ್ರು ಮೇಷ್ಟ್ರು.”

“ನಡಿ, ಇವತ್ತೇ ಶಿವಮೊಗ್ಗಕ್ಕೆ ಹೋಗಣ.”

“ಮೊದ್ಲು ಇದನ್ನ ತಿದ್ದಿಸು. ಇಲ್ಲ ಅಂತ ಬರೆಸಿದ ಕಾಯಿಲೆಗೆ ಔಷಧಿ ಯಾಕೆ?”

ಮಧ್ಯಾಹ್ನ ಉಪನ್ಯಾಸಕರು ಬಂದರು. ಇದ್ದದ್ದನ್ನು ಇದ್ದಂತೆ ಹೇಳಿ, ಆ ಫಾರಂ ತಿದ್ದಿ ಎಂದೆ. ಅವರು ವಾಚು ನೋಡಿದರು.

“ಡೇಟಾ ತಗೊಳ್ಳೋದು ಮುಗಿದಿದೆ ರೀ. ಗೈಡ್‌ ನೋಡಿ ಒಪ್ಪಿಯಾಗಿದೆ. ಒಂದು ಮನೆ ತಿದ್ದಿದ್ರೆ ಎಲ್ಲಾ ಪರ್ಸೆಂಟೇಜೂ ತಿದ್ಬೇಕು.”

“ತಿದ್ದಿಕೊಡ್ತೀವಿ. ಒಂದು ಪೈಸೆ ಬೇಡ, ಇಡೀ ಪುಸ್ತಕ ಹಂಗೇ ಹೊಡ್ಕೊಡ್ತೀನಿ.” ನನ್ನ ಬದುಕಿನಲ್ಲಿ ಯಾರೂ ಕೇಳದೆಯೇ ನಾನು ಇಳಿಸಿದ ದರ ಅದೊಂದೇ.

“ಅದು ಹಂಗಾಗಲ್ಲ ರೀ. ಹೇಳಿದವರು ನೀವೇ ತಾನೆ?”

“ನಾನು ಹೇಳಿದೆ, ಸರಿ. ಬಳೆ ಸದ್ದು ನಿಮಗೆ ಕೇಳಿಸ್ಲಿಲ್ವಾ?”

“ಕೇಳಿಸ್ತು.”

“ಮತ್ತೆ?”

“ಮನೆ ಯಜಮಾನ್ರು ಯಾರೂ ಇಲ್ಲ ಅಂದ್ಮೇಲೆ ನಾನು ಇದಾರೆ ಅಂತ ಹೆಂಗೆ ಬರೀಲಿ?”

ಮೈ ಉರಿದುಹೋಯಿತು. ಹೆಣ್ಣುಮಕ್ಕಳ ಮನಸ್ಸನ್ನು ಅಳೆಯಲು ಊರೂರು ಸುತ್ತಿದ ಮನುಷ್ಯ ಒಬ್ಬ ಹೆಣ್ಣುಮಗಳನ್ನೂ ಕೇಳಿರಲಿಲ್ಲ. ಜಗಲಿಯಿಂದ ಜಗಲಿಗೆ ಹೋಗಿ ನನ್ನಂಥ ಗಂಡಸರ ಸೈನ್ ಕೂಡಿಸಿಕೊಂಡಿದ್ದರು. ಅವರ ಹಾಳೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

“ಹಿಂದಿನ ಕೋಣೇಲಿ ಕೂತಿದಾಳೆ. ಹೋಗಿ ಕೇಳಿ. ಆಮೇಲೆ ಮಾತು.”

ಅವರು ಖಾಲಿ ಫಾರಂ ಒಂದನ್ನು ಹಿಡಿದು ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಹಿಂದೆಯೇ ನಾನೂ ಹೋದೆ. ಮೊದಲ ಪ್ರಶ್ನೆ ಕೇಳಿದ್ದೇ ತಡ, ನನ್ನ ಬಾಯಿ ತಾನಾಗಿ ತೆರೆಯಿತು. “ಅದು ಏನಾತು ಅಂದ್ರೆ ಸಾರ್—”

“ಅಣ್ಣ, ನೀನು ಹೊರಗೆ ಹೋಗು” ಎಂದಳು ತಂಗಿ.

ಹೋಗಿ ಬೀದಿಯಲ್ಲಿ ನಿಂತೆ. ಎರಡು ಬಸ್ಸು ಬಂದು ಹೋದವು. ಉಪನ್ಯಾಸಕರು ಹೊರಬಂದಾಗ ಮುಖ ಬೇರೆಯಾಗಿತ್ತು. “ಈ ಫಾರಂ ನನ್ನ ಹತ್ರ ಇಟ್ಕೋತೀನಿ” ಎಂದರು. ಆಮೇಲೆ, ನನ್ನ ಕಡೆ ನೋಡದೆ, “ಟೇಬಲ್ ಮಾತ್ರ ಹಂಗೇ ಇರ್ಲಿ.”

ಬೀರು ತೆಗೆಯುವುದಿಲ್ಲ ಎಂದು ನಾನು ಕೂತೆ. ತೆಗೆಸಿದವಳು ತಂಗಿ. “ಕೊಟ್ಬಿಡು ಅಣ್ಣ. ಅವ್ರ ಪುಸ್ತಕ ಅವ್ರಿಗಿರ್ಲಿ. ನನ್ನನ್ನ ಕೇಳಿದ್ರಲ್ಲ, ಅಷ್ಟು ಸಾಕು. ಆದ್ರೆ ಆ ಸಾಲು ನಾನು ಹೊಡಿಯಲ್ಲ. ಇನ್ನೊಂದು, ಜಡೆಗೆ ನೀನೇ ಹೋಗಿ ಹೇಳ್ಬೇಕು.”

ಆ ಸಾಲನ್ನು ಎರಡು ಬೆರಳಿನಲ್ಲಿ ನಾನೇ ಹೊಡೆದೆ. ಒಂದೇ ಸುಳ್ಳನ್ನು ಎರಡು ಸಲ ಹೇಳಿದವನು ನಾನು. ಜಡೆಗೂ ಹೋದೆ. ಅವರು ಚಹಾ ಕೊಟ್ಟು “ನೋಡಣ” ಎಂದರು. ವ್ಯಾಪಾರದವನಿಗೆ ‘ನೋಡಣ’ ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಾರನೆಯ ವಾರ ಶಿವಮೊಗ್ಗದ ಬಸ್ಸು ಹತ್ತಿದೆವು. ತಂಗಿ ಕಿಟಕಿಯ ಪಕ್ಕ ಕೂತಳು. ಮುಂದಿನ ಸೀಟಿನಲ್ಲಿದ್ದವರು ಹಿಂದೆ ತಿರುಗಿದರೆ, ನಮ್ಮೂರಿನ ಎದುರು ಮನೆಯ ಯಜಮಾನರು.

“ಏನ್ರೀ, ತಂಗೀನ ಕರ್ಕೊಂಡು ಹೊಂಟೀರಿ? ಮದುವೆ ಜವಳಿಗಾ?”

“ಹೂಂ, ಹಂಗೇ—” ಎಂದು ನಾನು ಶುರು ಮಾಡಿದ್ದೆ.

“ಆಸ್ಪತ್ರೆಗೆ ಕಣ್ರೀ. ಮನಸ್ಸಿಗೆ ಹುಷಾರಿಲ್ಲ, ತೋರ್ಸಕ್ಕೆ” ಎಂದಳು ತಂಗಿ.

ಅವರು ಮುಂದಕ್ಕೆ ತಿರುಗಿ ಕೂತರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಎರಡು ಸ್ಟಾಪು ಕಳೆದ ಮೇಲೆ ಅವರು ಮತ್ತೆ ತಿರುಗಿದರು. ಈ ಸಲ ನನ್ನನ್ನು ನೋಡಲಿಲ್ಲ. ಅವಳ ಕಡೆ ಬಾಗಿ, ದನಿ ಇಳಿಸಿ ಕೇಳಿದರು.

“ಯಾವ ಡಾಕ್ಟ್ರವ್ವ? ನಮ್ಮನೇಲೂ ಒಬ್ರಿಗೆ ತೋರಿಸ್ಬೇಕಿತ್ತು.”