ಮದುಮಗಳಿಗೆ ಸಿಕ್ಕ ನೆರೆ ಪರಿಹಾರ

ಆರತಕ್ಷತೆಯ ವೇದಿಕೆಯ ಮೇಲೆ ಉಡುಗೊರೆಗಳ ರಾಶಿ. ಗೋಡೆ ಗಡಿಯಾರ, ಮಿಂಚುವ ಕಾಗದ ಸುತ್ತಿದ ಡಬ್ಬಗಳು, ಒಂದು ಮಿಕ್ಸಿ. ಅದರ ಪಕ್ಕದಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಕವರಿನೊಳಗೆ ಒಂದು ನೀಲಿ ರಗ್ಗು. ಕವರಿನ ಮೇಲೆ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಸ್ಟಿಕ್ಕರ್: ‘ನೆರೆ ಸಂತ್ರಸ್ತರಿಗೆ ಪ್ರೀತಿಯಿಂದ’.

ವಧೂವರರಿಗೆ ಅಕ್ಷತೆ ಹಾಕಲು ನನ್ನ ಹಿಂದೆ ಕ್ಯೂನಲ್ಲಿ ನಿಂತಿದ್ದ ಸಂಘದ ಕಾರ್ಯದರ್ಶಿ ನಾಗರಾಜ್ ಅವರ ಕಣ್ಣೂ ಅಲ್ಲೇ ನೆಟ್ಟಿತ್ತು.

“ಮೇಡಂ, ಅದು ನಮ್ ರಗ್ಗಲ್ವಾ?”

ನಮ್ಮದೇ. ಸ್ಟಿಕ್ಕರ್ ಅಂಟಿಸಿದವಳು ನಾನೇ. (ಸಂಘದಲ್ಲಿ ಅಂಟಿಸುವುದು, ಮಡಿಸುವುದು ಹೆಂಗಸರ ಕೆಲಸ. ಮೈಕ್ ಹಿಡಿಯುವುದು ಗಂಡಸರದು. ಅದಿರಲಿ.)

ಹಿಂದಿನ ಕತೆ ಹೇಳಿಬಿಡುತ್ತೇನೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎಂದು ಟೀವಿಯವರು ಬಡಿದುಕೊಳ್ಳುತ್ತಿದ್ದಾಗ ನಾವು ಜೆ.ಪಿ. ನಗರದವರು ಬಜ್ಜಿ ಕರಿದುಕೊಂಡು, ‘ಪಾಪ, ಚೆನ್ನೈಯವರು’ ಎಂದು ಮರುಗುತ್ತಿದ್ದೆವು. ಮಳೆ ಇಲ್ಲಿಗೂ ಬಂತು. ರಾಜಕಾಲುವೆ ಉಕ್ಕಿ, ಸಾರಕ್ಕಿ ಕಡೆಯ ತಗ್ಗಿನ ಬೀದಿಗಳ ಮನೆಗಳಿಗೆ ನೀರು ನುಗ್ಗಿತು. ಅಲ್ಲಿನ ಕುಟುಂಬಗಳನ್ನು ನಮ್ಮ ಪಕ್ಕದ ಕಲ್ಯಾಣ ಮಂಟಪದ ಮಹಡಿಯಲ್ಲಿ ಇರಿಸಿದೆವು. ರಗ್ಗು, ಬಕೆಟ್, ಅಕ್ಕಿ, ಬೇಳೆ ಹಂಚಿದೆವು. ಫೋಟೋ ತೆಗೆಸಿಕೊಂಡೆವು (ಅದಿಲ್ಲದೆ ಎಂಥ ಪರಿಹಾರ?).

ಆದರೆ ಮಂಟಪದ ಕೆಳಗಿನ ಹಾಲ್ ಮೊದಲೇ ಬುಕ್ ಆಗಿತ್ತು, ನಮ್ಮ ರಸ್ತೆಯ ಶಾರದಾ ಅವರ ಮಗಳ ಮದುವೆಗೆ. ಕೆಳಗೆ ಓಲಗ, ಮೇಲೆ ಮನೆ ಕಳೆದುಕೊಂಡವರು. ಏನು ರಗಳೆಯಾಗುತ್ತದೋ ಎಂದು ನಮಗೆಲ್ಲ ಆತಂಕ. ಶಾರದಾ ಮಾತ್ರ ಕುಂಕುಮದ ಬಟ್ಟಲು ಹಿಡಿದು ಸೀದಾ ಮಹಡಿ ಹತ್ತಿದರು. ಪ್ರತಿ ಮನೆಯವರಿಗೂ ಅರಿಶಿನ ಕುಂಕುಮ ಕೊಟ್ಟರು.

“ಮಗಳ ಮದ್ವೆ, ಎಲ್ರೂ ಬರ್ಬೇಕು. ಊಟ ಮೇಲಕ್ಕೆ ಕಳಿಸಲ್ಲ. ಕೆಳಗೆ ಬಂದು ನಮ್ ಜೊತೆ ಪಂಕ್ತೀಲೇ ಕೂತ್ಕೋಬೇಕು.”

ಬಂದವರಲ್ಲಿ ಮಂಜುಳಮ್ಮ ಒಬ್ಬರು. ಸೀರೆಗೆ ಫಾಲ್ಸ್ ಹಾಕಿ, ಬ್ಲೌಸ್ ಹೊಲಿದು, ಮಗಳನ್ನು ಓದಿಸುತ್ತಿರುವ ಹೆಣ್ಣುಮಗಳು. ಅವರ ಹೊಲಿಗೆ ಮೆಷಿನ್ ನೀರಿನಲ್ಲಿ ಮುಳುಗಿ, ಕೆಸರು ತುಂಬಿ ಕೆಟ್ಟು ಕೂತಿತ್ತು. ಅದಿಲ್ಲದೆ ಒಲೆ ಉರಿಯುವುದಿಲ್ಲ. ಎರಡನೇ ಸುತ್ತಿನ ನೆರವಿನಲ್ಲಿ ಅವರಿಗೆ ಹೊಸ ಮೆಷಿನ್ ಕೊಡಿಸಬೇಕೆಂದು ಸಂಘದಲ್ಲಿ ಮಾತಾಗಿತ್ತು. ರಗ್ಗನ್ನು ಮದುಮಗಳ ಕೈಗಿಟ್ಟವರು ಇದೇ ಮಂಜುಳಮ್ಮ ಎಂದು ಊಟಕ್ಕೆ ಕೂರುವ ಹೊತ್ತಿಗೆ ಗೊತ್ತಾಯಿತು.

“ಮಿಸ್‌ಯೂಸ್ ಮೇಡಂ ಇದು!” ಎಲೆಗೆ ಉಪ್ಪು ಬೀಳುವ ಮೊದಲೇ ನಾಗರಾಜ್ ಶುರು ಮಾಡಿದರು. “ಕೊಟ್ಟಿದ್ದನ್ನ ಇನ್ನೊಬ್ರಿಗೆ ಗಿಫ್ಟ್ ಕೊಡ್ತಾರೆ ಅಂದ್ರೆ ಅವ್ರಿಗೇನ್ ಕಮ್ಮಿಯಾಗಿದೆ? ಮೆಷಿನ್ ಬೇರೆ ಯಾರಿಗಾದ್ರೂ ಕೊಡೋಣ.”

(ಮನುಷ್ಯ ಕೆಟ್ಟವರಲ್ಲ. ಆ ದಿನ ಮೊಣಕಾಲುದ್ದ ನೀರಿಗಿಳಿದು ವಯಸ್ಸಾದವರನ್ನು ಎತ್ತಿಕೊಂಡು ಬಂದವರು ಅವರೇ. ನಾನು ಛತ್ರಿ ಹಿಡಿದು ನಿಂತಿದ್ದೆ, ಅಷ್ಟೇ.)

ಊಟ ಮುಗಿಸಿ ಮಹಡಿಗೆ ಹೋದೆ. ಯಾಕೆ ಹೀಗೆ ಮಾಡಿದಿರಿ ಎಂದು ಮಂಜುಳಮ್ಮನನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ಕುಂಕುಮ ಕೊಟ್ಟು ಕರ್ದಿದ್ದಾರೆ ಮೇಡಂ. ಮುಯ್ಯಿ ಮಾಡ್ದೆ ಉಂಡ್ಕೊಂಡ್ ಬರೋಕಾಗುತ್ತಾ? ಮನೇಲಿರೋದೆಲ್ಲ ನೆಂದೋಗಿದೆ. ಹೊಸದು ಅಂತ ಇದ್ದಿದ್ದು ಅದೊಂದೇ.”

“ನಿಮಗೆ ಚಳಿಗೆ?”

“ಮಗಳದ್ದು ಇನ್ನೊಂದಿದೆಯಲ್ಲ. ಇಬ್ರೂ ಅದ್ರಲ್ಲೇ ಮಲಗ್ತೀವಿ ಬಿಡಿ.”

ನನಗೆ ಸಿಟ್ಟು ಬಂತು, ನಮ್ಮ ಮೇಲೆಯೇ.

ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ, ಹೇಳಿ? ಗೃಹಪ್ರವೇಶಕ್ಕೆ ಬಂದ ಡಿನ್ನರ್ ಸೆಟ್ಟನ್ನು ಬಿಚ್ಚದೆ ಅಟ್ಟಕ್ಕೆ ಸೇರಿಸುತ್ತೇವೆ. ಇನ್ಯಾರದೋ ಮದುವೆ ಬಂದಾಗ ಹೊಸ ಕಾಗದ ಸುತ್ತಿ ದಾಟಿಸುತ್ತೇವೆ. ಅದನ್ನು ಮಿಸ್‌ಯೂಸ್ ಎಂದವರುಂಟೇ? ಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದ್ದರೂ ಬರಿಗೈಯಲ್ಲಿ ಹೋಗಲು ನಮಗೆ ಮುಜುಗರ. ಆ ಮುಜುಗರ ಮಂಜುಳಮ್ಮನಿಗೆ ಇರಬಾರದೇ?

ನೀರು ಬಂದಾಗಿನಿಂದ ಅವರೆಲ್ಲ ಬರೀ ಈಸಿಕೊಳ್ಳುತ್ತಲೇ ಇದ್ದರು. ತಿಂಡಿಗೆ ಕ್ಯೂ, ಬಕೆಟ್‌ಗೆ ಕ್ಯೂ, ನಮ್ಮ ಫೋಟೋಗೂ ಕ್ಯೂ. ಅಷ್ಟು ದಿನಗಳಲ್ಲಿ ಅವರನ್ನು ನೆಂಟರ ಹಾಗೆ ಕರೆದದ್ದು ಶಾರದಾ ಒಬ್ಬರೇ. ನೆಂಟರ ಹಾಗೆ ಕರೆದರೆ ನೆಂಟರ ಹಾಗೆಯೇ ಬಂದರು. ಅವರಿಗೆ ಅನ್ನ ಬೇಕು, ಬಟ್ಟೆ ಬೇಕು, ಸೂರು ಬೇಕು ಎಂದು ಯೋಚಿಸಿದ ನಮಗೆ, ಅವರಿಗೂ ಇನ್ನೊಬ್ಬರಿಗೆ ಏನಾದರೂ ಕೊಡಬೇಕು ಅನ್ನಿಸಬಹುದು ಎಂದು ಹೊಳೆಯಲೇ ಇಲ್ಲ.

ನಾಗರಾಜ್ ಬಿಡುವ ಪೈಕಿ ಅಲ್ಲ. ಮದುವೆ ಮುಗಿದ ಮೇಲೆ ಶಾರದಾ ಅವರ ಮನೆಗೆ ಹೋಗಿ, ಆ ರಗ್ಗು ವಾಪಸ್ ಸಿಗಬಹುದೇ ಎಂದು ಮೆಲ್ಲಗೆ ಕೇಳಿದರಂತೆ!

“ಮುಯ್ಯಿ ಬಂದಿದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ ಸಾರ್? ಮಗಳು ಅದನ್ನ ಗಂಡನ ಮನೆಗೆ ತಗೊಂಡು ಹೋದ್ಲು” ಎಂದರಂತೆ ಶಾರದಾ, ಕಾಫಿ ಕೊಟ್ಟು.

ಮೆಷಿನ್ ವಿಷಯ ಸಂಘದ ಮೀಟಿಂಗಿಗೆ ಬಂತು. ನಾನು ವಾದ ಮಾಡಿದೆ, ದನಿ ಏರಿಸಿದೆ, ಹೆಂಗಸರೆಲ್ಲ ನನ್ನ ಕಡೆ ನಿಂತರು. ಕೊನೆಗೆ ಮಂಜುಳಮ್ಮನಿಗೇ ಕೊಡುವುದೆಂದು ತೀರ್ಮಾನವಾಯಿತು. ಆದರೆ ನಾಗರಾಜ್ ಒಂದು ಷರತ್ತು ಸೇರಿಸಿದರು. ಮೆಷಿನ್ನನ್ನು ಮಾರಬಾರದು, ಯಾರಿಗೂ ಕೊಡಬಾರದು. ಅಷ್ಟಾದರೂ ಆಯಿತಲ್ಲ ಎಂದು ನಾನು ಒಪ್ಪಿದೆ. ಗೆದ್ದೆ ಎಂದೇ ಅಂದುಕೊಂಡೆ.

ಸುದ್ದಿ ಹೇಳಲು ಸಾರಕ್ಕಿಗೆ ಹೋದಾಗ ಮಂಜುಳಮ್ಮ ಮನೆಗೆ ವಾಪಸಾಗಿ, ಹೊಸ್ತಿಲಿಗೆ ಮೆತ್ತಿದ ಕೆಸರನ್ನು ಕೆರೆಯುತ್ತಿದ್ದರು. ಮೆಷಿನ್ ಬರುತ್ತದೆ ಎಂದಾಗ ಎದ್ದು ಎರಡೂ ಕೈ ಮುಗಿದರು. ಷರತ್ತನ್ನೂ ಹೇಳಿದೆ. ಮುಗಿದ ಕೈ ಕೆಳಗಿಳಿಯಿತು. ಬೇಜಾರಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು:

“ಯಾರಿಗೂ ಕೊಡಂಗಿಲ್ಲ ಅಂದ್ರೆ, ಅದು ನನ್ ಮೆಷಿನ್ ಹೆಂಗಾಗುತ್ತೆ ಮೇಡಂ?”